ನಿರ್ಬಂಧದ ಅಕ್ಷರ ಮತ್ತು ನಿರ್ಬಂಧದ ಉದ್ದೇಶ: ಜಾಲ ತಂತ್ರಜ್ಞರ ಪ್ರಾಯೋಗಿಕ ಪರೀಕ್ಷೆ ಕಲಿಸುವ ಪಾಠ

ವ್ಯಾಪಾರ ಹಾಗೂ ಸಣ್ಣ ಕೈಗಾರಿಕೆಗಳ ದೈನಂದಿನ ವ್ಯವಹಾರವು ಇಂದು ಕಂಪ್ಯೂಟರ್ ಜಾಲವನ್ನು ಅವಲಂಬಿಸಿದೆ. ಜಿ.ಎಸ್.ಟಿ. ಇನ್‌ವಾಯ್ಸ್, ಇ-ವೇ ಬಿಲ್, ಬ್ಯಾಂಕ್ ಪಾವತಿ, ಗೋದಾಮಿನ ದಾಸ್ತಾನು ಲೆಕ್ಕ ಇವೆಲ್ಲವೂ ಜಾಲದ ಮೂಲಕವೇ ಸಾಗಬೇಕು. ಜಾಲವು ಅರ್ಧ ದಿನ ಸ್ಥಗಿತಗೊಂಡರೆ ಸರಕು ತುಂಬಿದ ಲಾರಿ ಗೇಟಿನಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಜಾಲವನ್ನು ಅಳವಡಿಸುವ ತಂತ್ರಜ್ಞನನ್ನು ಆರಿಸುವುದು ಯಂತ್ರವನ್ನು ಖರೀದಿಸುವಷ್ಟೇ ಎಚ್ಚರಿಕೆಯಿಂದ ಮಾಡಬೇಕಾದ ಕೆಲಸವಾಗಿದೆ. ಈ ಆಯ್ಕೆಯಲ್ಲಿ ಬಹುತೇಕ ಮಾಲೀಕರು ನೋಡುವುದು ತಂತ್ರಜ್ಞನ ಪ್ರಮಾಣಪತ್ರವನ್ನು. ಆದರೆ ಆ ಪ್ರಮಾಣಪತ್ರವು ನಿಜವಾಗಿ ಯಾವ ಗುಣವನ್ನು ಪರೀಕ್ಷಿಸಿ ನೀಡಲ್ಪಟ್ಟಿದೆ ಎಂಬುದನ್ನು ವಿಚಾರಿಸುವವರು ವಿರಳ.

ಜಾಲ ತಂತ್ರಜ್ಞಾನದ ಪ್ರಮಾಣಪತ್ರಗಳಲ್ಲಿ ಸಿಸ್ಕೋ ಸಂಸ್ಥೆಯು 1993ರಲ್ಲಿ ಆರಂಭಿಸಿದ ಸಿ.ಸಿ.ಐ.ಇ. ಪದವಿಯು ಅತ್ಯಂತ ಕಠಿಣವಾದುವುಗಳಲ್ಲಿ ಒಂದೆಂದು ಹೆಸರಾಗಿದೆ. ಲಿಖಿತ ಪರೀಕ್ಷೆಯ ಜೊತೆಗೆ, ಉಪಕರಣಗಳ ಮೇಲೆಯೇ ಕೆಲಸ ಮಾಡಿ ತೋರಿಸಬೇಕಾದ ಪ್ರಾಯೋಗಿಕ ಪರೀಕ್ಷೆ ಇದರಲ್ಲಿದೆ. ಮೊದಲು ಎರಡು ದಿನಗಳ ಕಾಲ ನಡೆಯುತ್ತಿದ್ದ ಈ ಪರೀಕ್ಷೆಯನ್ನು 2001ರ ಅಕ್ಟೋಬರ್‌ನಲ್ಲಿ ಒಂದೇ ದಿನದ ಎಂಟು ಗಂಟೆಗಳಿಗೆ ಇಳಿಸಲಾಯಿತು. 2020ರ ಫೆಬ್ರವರಿಯಿಂದ ಈ ಎಂಟು ಗಂಟೆಗಳು ಎರಡು ಭಾಗಗಳಾಗಿವೆ: ಮೂರು ಗಂಟೆ ಜಾಲದ ವಿನ್ಯಾಸಕ್ಕೆ, ಐದು ಗಂಟೆ ಅದರ ಅಳವಡಿಕೆ ಮತ್ತು ನಿರ್ವಹಣೆಗೆ. ಶುಲ್ಕವು ಹಲವು ವರ್ಷಗಳಿಂದ 1,600 ಅಮೆರಿಕನ್ ಡಾಲರ್‌ಗಳ ಆಸುಪಾಸಿನಲ್ಲಿದೆ. ಬೆಂಗಳೂರಿನ ಕೇಂದ್ರದಲ್ಲಿಯೂ ಈ ಪರೀಕ್ಷೆ ನಡೆದುಕೊಂಡು ಬಂದಿದ್ದು, ರಾಜ್ಯದ ಅನೇಕ ಯುವ ಎಂಜಿನಿಯರುಗಳು ತಿಂಗಳುಗಟ್ಟಲೆ ಸಿದ್ಧತೆ ನಡೆಸಿ ಅದಕ್ಕೆ ಕೂರುತ್ತಾರೆ.

ತಂತ್ರಜ್ಞಾನವನ್ನು ಚೆನ್ನಾಗಿ ಬಲ್ಲ ಅಭ್ಯರ್ಥಿಗಳೂ ಇಲ್ಲಿ ಎಡವುವುದುಂಟು. ಅದಕ್ಕೆ ಒಂದು ಮುಖ್ಯ ಕಾರಣ ಜ್ಞಾನದ ಕೊರತೆಯಲ್ಲ, ಪ್ರಶ್ನೆಪತ್ರಿಕೆಯ ನಿರ್ಬಂಧಗಳನ್ನು ಓದುವ ವಿವೇಕದ ಕೊರತೆ. ಕರಾರು, ಟೆಂಡರ್ ಹಾಗೂ ತೆರಿಗೆ ಅಧಿಸೂಚನೆಗಳ ನಡುವೆ ವ್ಯವಹರಿಸುವ ವಾಣಿಜ್ಯೋದ್ಯಮಿಗಳಿಗೂ ಸಂಬಂಧಿಸಿದ ವಿಷಯ ಇದಾದುದರಿಂದ, ಇದನ್ನು ವಿವರವಾಗಿ ಪರಿಶೀಲಿಸುವುದು ಉಚಿತ.

ಮಾರ್ಗಗಳು ಮತ್ತು ನಿರ್ಬಂಧಗಳು

ಜಾಲದಲ್ಲಿ ರೂಟರ್ ಎಂಬ ಉಪಕರಣದ ಕೆಲಸ ಸಾಗಣೆ ಕಚೇರಿಯ ಗುಮಾಸ್ತನ ಕೆಲಸವನ್ನು ಹೋಲುತ್ತದೆ. ಬಂದ ಪ್ರತಿಯೊಂದು ಪೊಟ್ಟಣದ ವಿಳಾಸವನ್ನು ನೋಡಿ, ತನ್ನಲ್ಲಿರುವ ಮಾರ್ಗಪಟ್ಟಿಯನ್ನು ಅನುಸರಿಸಿ, ಮುಂದಿನ ಕಚೇರಿಗೆ ಕಳುಹಿಸುವುದು ಅದರ ಕರ್ತವ್ಯ. ಈ ಪಟ್ಟಿಯು ಎರಡು ಬಗೆಯಲ್ಲಿ ಸಿದ್ಧವಾಗುತ್ತದೆ. ಮನುಷ್ಯನೇ ಕೈಯಿಂದ ಬರೆದಿಟ್ಟ ಮಾರ್ಗವನ್ನು ಸ್ಟ್ಯಾಟಿಕ್ ರೂಟ್, ಅಂದರೆ ಸ್ಥಿರ ಮಾರ್ಗ ಎನ್ನುತ್ತಾರೆ. ರೂಟರ್‌ಗಳು ತಮ್ಮತಮ್ಮಲ್ಲಿ ಸಂದೇಶ ವಿನಿಮಯ ಮಾಡಿಕೊಂಡು ತಾವಾಗಿಯೇ ಕಂಡುಕೊಂಡ ಮಾರ್ಗವನ್ನು ಚಲನಶೀಲ ಮಾರ್ಗ ಎನ್ನುತ್ತಾರೆ. ಓ.ಎಸ್.ಪಿ.ಎಫ್., ಈ.ಐ.ಜಿ.ಆರ್.ಪಿ., ಬಿ.ಜಿ.ಪಿ. ಎಂಬುವು ಇಂತಹ ವಿನಿಮಯದ ನಿಯಮಾವಳಿಗಳು.

ಬೆಂಗಳೂರಿನ ಸಾಗಣೆ ಕಚೇರಿಯೊಂದು, ಮಂಗಳೂರಿನ ಸರಕೆಲ್ಲವೂ ಶಿರಾಡಿ ಘಾಟಿಯ ಮೂಲಕವೇ ಹೋಗತಕ್ಕದ್ದು ಎಂದು ಫಲಕದಲ್ಲಿ ಬರೆದಿಟ್ಟಿತೆನ್ನೋಣ. ಮಳೆಗಾಲದಲ್ಲಿ ಗುಡ್ಡ ಕುಸಿದರೂ ಫಲಕ ಬದಲಾಗುವುದಿಲ್ಲ. ಲಾರಿಗಳು ಘಾಟಿಯ ಬುಡದವರೆಗೆ ಹೋಗಿ ನಿಲ್ಲುತ್ತವೆ. ಇದು ಸ್ಥಿರ ಮಾರ್ಗದ ಸ್ವಭಾವ. ಕಚೇರಿಗಳು ಪರಸ್ಪರ ವಿಚಾರಿಸಿಕೊಂಡು ಸಂಪಾಜೆಯ ಹಾದಿಗೆ ಲಾರಿಯನ್ನು ತಿರುಗಿಸಿದರೆ ಅದು ಚಲನಶೀಲ ಮಾರ್ಗದ ಸ್ವಭಾವ. ಇನ್ನು, ಪಟ್ಟಿಯಲ್ಲಿ ಹೆಸರಿಲ್ಲದ ಯಾವುದೇ ಊರಿನ ಸರಕನ್ನು ಮುಖ್ಯ ಕಚೇರಿಗೆ ಕಳುಹಿಸಿ ಎಂಬ ಒಂದೇ ಸಾಲಿನ ಆದೇಶವನ್ನು ಡೀಫಾಲ್ಟ್ ರೂಟ್ ಎನ್ನುತ್ತಾರೆ. ಇದು ಕೈಯಿಂದ ಬರೆದುದಾಗಿರಬಹುದು, ನಿಯಮಾವಳಿಯ ಮೂಲಕ ತಾನಾಗಿಯೇ ಬಂದುದೂ ಆಗಿರಬಹುದು. ಗೊಂದಲದ ಮೂಲ ಇಲ್ಲಿಯೇ ಇದೆ.

ಇಂತಹ ಪರೀಕ್ಷೆಗಳ ಪ್ರಶ್ನೆಪತ್ರಿಕೆಯಲ್ಲಿ ಕೆಲವು ಸಾಮಾನ್ಯ ನಿರ್ಬಂಧಗಳಿರುವುದು ರೂಢಿ: ಸ್ಥಿರ ಮಾರ್ಗ ಬಳಸಕೂಡದು, ಡೀಫಾಲ್ಟ್ ಮಾರ್ಗ ಬಳಸಕೂಡದು, ಒಂದು ನಿಯಮಾವಳಿಯ ಮಾರ್ಗಗಳನ್ನು ಮತ್ತೊಂದಕ್ಕೆ ಸುರಿಯಕೂಡದು, ಪ್ರಶ್ನೆಯಲ್ಲಿ ನಿರ್ದಿಷ್ಟವಾಗಿ ಹೇಳಿದ ಹೊರತು, ಇತ್ಯಾದಿ. ಅಭ್ಯರ್ಥಿಗಳು ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿರುವುದರಿಂದ ನೈಜ ಪ್ರಶ್ನೆಗಳನ್ನು ಚರ್ಚಿಸುವುದು ಸಾಧುವಲ್ಲ. ಆದುದರಿಂದ ಮುಂದಿನ ಉದಾಹರಣೆಗಳು ವಿಷಯ ವಿವರಣೆಗಾಗಿ ರಚಿಸಿದವೇ ಹೊರತು ಪರೀಕ್ಷೆಯಿಂದ ಎತ್ತಿಕೊಂಡವಲ್ಲ.

ಅಕ್ಷರವು ಏನನ್ನು ಹೇಳುತ್ತದೆ?

ಮೊದಲನೆಯ ಉದಾಹರಣೆ: ನಿರ್ಬಂಧವು 'ಸ್ಥಿರ ಮಾರ್ಗ ಬಳಸಕೂಡದು' ಎಂದಷ್ಟೇ ಹೇಳುತ್ತದೆ. ಓ.ಎಸ್.ಪಿ.ಎಫ್. ಜಾಲವನ್ನು ಹಲವು ವಲಯಗಳಾಗಿ ವಿಂಗಡಿಸಬಹುದು. ಒಂದು ವಲಯವನ್ನು 'ಸ್ಟಬ್' ವಲಯವೆಂದು ಘೋಷಿಸಿದರೆ, ಅದರ ಗಡಿಯಲ್ಲಿರುವ ರೂಟರ್ ಹೊರಗಿನ ಮಾರ್ಗಗಳ ಬದಲಿಗೆ ಒಂದು ಡೀಫಾಲ್ಟ್ ಮಾರ್ಗವನ್ನು ತಾನಾಗಿಯೇ ಆ ವಲಯಕ್ಕೆ ನೀಡುತ್ತದೆ. ಇದನ್ನು ಯಾರೂ ಕೈಯಿಂದ ಬರೆದಿಲ್ಲ. ಆದ್ದರಿಂದ ಇದು ಸ್ಥಿರ ಮಾರ್ಗವಲ್ಲ, ನಿರ್ಬಂಧದ ಉಲ್ಲಂಘನೆಯೂ ಅಲ್ಲ. ಆದರೆ ನಿರ್ಬಂಧವು 'ಯಾವುದೇ ಡೀಫಾಲ್ಟ್ ಮಾರ್ಗ ಇರಕೂಡದು' ಎಂದಿದ್ದರೆ ಅದೇ ಪರಿಹಾರವು ತಪ್ಪಾಗುತ್ತದೆ. ಮೊದಲನೆಯ ವಾಕ್ಯವು ಮಾರ್ಗದ ಮೂಲವನ್ನು ನಿಷೇಧಿಸುತ್ತದೆ, ಎರಡನೆಯದು ಮಾರ್ಗದ ಸ್ವರೂಪವನ್ನೇ ನಿಷೇಧಿಸುತ್ತದೆ. ಎರಡನ್ನೂ ಒಂದೇ ಎಂದು ಭಾವಿಸುವ ಅಭ್ಯರ್ಥಿಯು ಒಂದೋ ಅನವಶ್ಯಕವಾಗಿ ತನ್ನ ಕೈ ಕಟ್ಟಿಕೊಳ್ಳುತ್ತಾನೆ, ಇಲ್ಲವೇ ಅರಿಯದೆ ಗೆರೆ ದಾಟುತ್ತಾನೆ.

ಎರಡನೆಯ ಉದಾಹರಣೆ ಇನ್ನಷ್ಟು ಸೂಕ್ಷ್ಮ. ಹಲವು ಸಣ್ಣ ವಿಳಾಸಗಳನ್ನು ಒಟ್ಟುಗೂಡಿಸಿ ಒಂದೇ ದೊಡ್ಡ ವಿಳಾಸವಾಗಿ ನೆರೆಯವರಿಗೆ ಸಾರುವುದು ಜಾಲದಲ್ಲಿ ಸಾಮಾನ್ಯ. ಒಂದು ಮಾರುಕಟ್ಟೆಯ ಎಲ್ಲ ಅಂಗಡಿಗಳ ಸರಕನ್ನೂ ನಮಗೆ ಕಳುಹಿಸಿ ಎಂದು ವಿತರಕನು ಸಾರುವಂತೆಯೇ ಇದು. ಆದರೆ ಆ ಮಾರುಕಟ್ಟೆಯಲ್ಲಿ ಇಲ್ಲದ ಅಂಗಡಿಯ ಹೆಸರಿಗೆ ಪೊಟ್ಟಣ ಬಂದರೆ, ಅದು ಇಬ್ಬರ ನಡುವೆ ಅತ್ತಿಂದಿತ್ತ ತಿರುಗುತ್ತಲೇ ಇರಬಹುದು. ಇದನ್ನು ತಡೆಯಲು ಈ.ಐ.ಜಿ.ಆರ್.ಪಿ., ಓ.ಎಸ್.ಪಿ.ಎಫ್. ಮತ್ತು ಬಿ.ಜಿ.ಪಿ. ನಿಯಮಾವಳಿಗಳು ವಿಳಾಸಗಳನ್ನು ಒಟ್ಟುಗೂಡಿಸುವಾಗ 'ನಲ್ ಸೊನ್ನೆ' ಎಂಬ ಕಸದ ಬುಟ್ಟಿಯತ್ತ ಒಂದು ಮಾರ್ಗವನ್ನು ತಾವಾಗಿಯೇ ಪಟ್ಟಿಗೆ ಸೇರಿಸುತ್ತವೆ. ಅಭ್ಯರ್ಥಿಯು ಪಟ್ಟಿಯಲ್ಲಿ ಇದನ್ನು ಕಂಡು ಗಾಬರಿಗೊಂಡು ಅಳಿಸಲು ಹೊರಟರೆ ಸಮಯವೂ ಹೋಗುತ್ತದೆ, ಜಾಲದ ರಕ್ಷಣೆಯೂ ಹೋಗುತ್ತದೆ. ಇದು ನಿಯಮಾವಳಿಯ ಫಲವೇ ಹೊರತು ಸ್ಥಿರ ಮಾರ್ಗವಲ್ಲ. ಆದರೆ ಬಿ.ಜಿ.ಪಿ.ಯಲ್ಲಿ ದೊಡ್ಡ ವಿಳಾಸವನ್ನು ಸಾರುವ ಸಲುವಾಗಿ ತಂತ್ರಜ್ಞನೇ ನಲ್ ಸೊನ್ನೆಯತ್ತ ಒಂದು ಮಾರ್ಗವನ್ನು ಕೈಯಿಂದ ಬರೆದರೆ, ಅದು ನಿಸ್ಸಂದೇಹವಾಗಿ ಸ್ಥಿರ ಮಾರ್ಗ. ಎರಡರ ಪರಿಣಾಮವೂ ಹೆಚ್ಚುಕಡಿಮೆ ಒಂದೇ. ಅವುಗಳ ಮೂಲ ಮಾತ್ರ ಬೇರೆ.

ಮೂರನೆಯದು ನಿಜಕ್ಕೂ ಇಕ್ಕಟ್ಟಿನ ಸಂಗತಿ. ರೂಟರ್ ತನ್ನ ವಿಳಾಸವನ್ನು ಡಿ.ಎಚ್.ಸಿ.ಪಿ. ಮೂಲಕ ಪಡೆದಾಗ, ಸಿಸ್ಕೋ ಉಪಕರಣದಲ್ಲಿ ಒಂದು ಡೀಫಾಲ್ಟ್ ಮಾರ್ಗವು ತಾನಾಗಿಯೇ ಸೇರಿಕೊಳ್ಳುತ್ತದೆ. ಯಾರೂ ಅದನ್ನು ಬರೆದಿಲ್ಲ, ಆದರೂ ಮಾರ್ಗಪಟ್ಟಿಯಲ್ಲಿ ಅದರ ಮುಂದೆ ಸ್ಥಿರ ಮಾರ್ಗದ ಗುರುತಾದ 'ಎಸ್' ಅಕ್ಷರವೇ ಕಾಣಿಸುತ್ತದೆ. ಇದು ಸ್ಥಿರವೋ ಅಲ್ಲವೋ? ಬರೆದವರಾರು ಎಂದು ನೋಡಿದರೆ ಒಂದು ಉತ್ತರ, ಪಟ್ಟಿಯ ಗುರುತನ್ನು ನೋಡಿದರೆ ಇನ್ನೊಂದು ಉತ್ತರ. ಇಂತಹ ಸಂದರ್ಭದಲ್ಲಿ ಅಕ್ಷರವೊಂದೇ ದಾರಿ ತೋರಿಸಲಾರದು.

ಸರಕು ಸಾಗಣೆಯಲ್ಲಿಯೂ ಇದೇ ನ್ಯಾಯ

ರಫ್ತುದಾರರಿಗೆ ಈ ಬಗೆಯ ಸಮಸ್ಯೆ ಹೊಸದಲ್ಲ. ವಿದೇಶಿ ಖರೀದಿದಾರನು ತೆರೆದ ಲೆಟರ್ ಆಫ್ ಕ್ರೆಡಿಟ್‌ನಲ್ಲಿ 'ಟ್ರಾನ್‌ಶಿಪ್‌ಮೆಂಟ್ ನಿಷಿದ್ಧ' ಎಂಬ ಷರತ್ತು ಇರುವುದುಂಟು. ಅದನ್ನು ಓದಿದ ಸಣ್ಣ ರಫ್ತುದಾರನು ಮಾರ್ಗಮಧ್ಯದಲ್ಲಿ ಹಡಗು ಬದಲಾಗುವ ಯಾವ ಸಾಗಣೆಯನ್ನೂ ಒಪ್ಪದೆ, ದುಬಾರಿ ನೇರ ಹಡಗನ್ನು ಹುಡುಕುತ್ತಾ ಅವಧಿಯನ್ನೇ ಕಳೆದುಕೊಳ್ಳುವ ಸಂಭವವಿದೆ. ಆದರೆ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಯು.ಸಿ.ಪಿ. 600 ನಿಯಮಗಳು 2007ರ ಜುಲೈ 1ರಿಂದ ಜಾರಿಯಲ್ಲಿವೆ. ಅವುಗಳ 20ನೆಯ ವಿಧಿಯ ಪ್ರಕಾರ, ಲೆಟರ್ ಆಫ್ ಕ್ರೆಡಿಟ್ ಟ್ರಾನ್‌ಶಿಪ್‌ಮೆಂಟನ್ನು ನಿಷೇಧಿಸಿದ್ದರೂ ಸಹ, ಸರಕು ಕಂಟೇನರಿನಲ್ಲಿ ಸಾಗಿದೆಯೆಂದು ಬಿಲ್ ಆಫ್ ಲೇಡಿಂಗ್ ತೋರಿಸಿದರೆ, ಟ್ರಾನ್‌ಶಿಪ್‌ಮೆಂಟ್ ಆಗುವುದೆಂಬ ನಮೂದಿರುವ ಬಿಲ್ ಆಫ್ ಲೇಡಿಂಗ್ ಅಂಗೀಕಾರಾರ್ಹ. ನಿಷೇಧದ ಉದ್ದೇಶ ಸರಕನ್ನು ಇಳಿಸಿ ಏರಿಸುವಾಗ ಆಗುವ ಹಾನಿ ಹಾಗೂ ನಷ್ಟವನ್ನು ತಡೆಯುವುದು ಎಂದು ಗ್ರಹಿಸಿದರೆ, ಮುಚ್ಚಿದ ಕಂಟೇನರಿಗೆ ನೀಡಿದ ಈ ವಿನಾಯಿತಿಯ ಔಚಿತ್ಯ ತಿಳಿಯುತ್ತದೆ. ಅಂತೆಯೇ, ಖರೀದಿದಾರನು ಈ ವಿನಾಯಿತಿಯನ್ನು ಸ್ಪಷ್ಟ ಮಾತಿನಲ್ಲಿ ತೆಗೆದುಹಾಕಿದ್ದರೆ ಆ ಮಾತೇ ಅಂತಿಮ. ಷರತ್ತನ್ನು ಅದರ ವ್ಯಾಖ್ಯೆಯ ಜೊತೆಗೆ ಓದಬೇಕು ಎಂಬುದು ಸಾರಾಂಶ.

ಸಂದೇಹದ ಲಾಭ ಯಾರಿಗೆ?

ಪ್ರಶ್ನೆಪತ್ರಿಕೆ ಅಸ್ಪಷ್ಟವಾಗಿದ್ದರೆ ಅದು ಬರೆದವರ ದೋಷ, ಅದರ ಲಾಭ ಅಭ್ಯರ್ಥಿಗೆ ಸಲ್ಲಬೇಕು ಎಂಬ ವಾದವಿದೆ. ನ್ಯಾಯದ ದೃಷ್ಟಿಯಿಂದ ಈ ವಾದವನ್ನು ಅಲ್ಲಗಳೆಯಲಾಗದು. ದುಬಾರಿ ಶುಲ್ಕ ಪಡೆದು ಪರೀಕ್ಷೆ ನಡೆಸುವ ಸಂಸ್ಥೆಯು ತನ್ನ ಪದಗಳನ್ನು ಖಚಿತವಾಗಿ ಬಳಸಲು ಬದ್ಧವಾಗಿದೆ. ಆದರೆ ಪರೀಕ್ಷೆಯ ದಿನ ಈ ವಾದದಿಂದ ಪ್ರಯೋಜನವಿಲ್ಲ. ಒಂದು ಪ್ರಶ್ನೆಯ ಎಲ್ಲ ಅಗತ್ಯಗಳೂ ಪೂರೈಸಿದರೆ ಮಾತ್ರ ಅದರ ಅಂಕ, ಭಾಗಶಃ ಅಂಕವಿಲ್ಲ. ಜಾಲವು ಸೊಗಸಾಗಿ ಕೆಲಸ ಮಾಡುತ್ತಿದ್ದರೂ ನಿಷೇಧಿಸಿದ ಒಂದು ಸಾಲು ಉಳಿದಿದ್ದರೆ ಆ ಪ್ರಶ್ನೆಯ ಪೂರ್ಣ ಅಂಕವೂ ಹೋಗುತ್ತದೆ.

ತೆರಿಗೆ ಕ್ಷೇತ್ರದಲ್ಲಿ ಇದಕ್ಕೆ ಸಮಾನವಾದ ನಿದರ್ಶನವಿದೆ. ದಿಲೀಪ್ ಕುಮಾರ್ ಅಂಡ್ ಕಂಪನಿ ಪ್ರಕರಣದಲ್ಲಿ 2018ರ ಜುಲೈ 30ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ತೆರಿಗೆ ವಿನಾಯಿತಿಯ ಅಧಿಸೂಚನೆಯನ್ನು ಕಟ್ಟುನಿಟ್ಟಾಗಿ ಅರ್ಥೈಸಬೇಕು, ಅದರಲ್ಲಿ ಸಂದಿಗ್ಧತೆ ಇದ್ದರೆ ಲಾಭವು ಇಲಾಖೆಗೆ ಸಲ್ಲಬೇಕು, ತಾನು ವಿನಾಯಿತಿಗೆ ಅರ್ಹನೆಂದು ತೋರಿಸುವ ಹೊಣೆ ತೆರಿಗೆದಾರನದು ಎಂದು ತೀರ್ಪು ನೀಡಿತು. ಅಂದಿನಿಂದ ವಿವೇಕಿಯಾದ ವ್ಯಾಪಾರಿಯು ಅನುಮಾನಾಸ್ಪದ ವಿನಾಯಿತಿಯನ್ನು ನಂಬಿ ಬೆಲೆ ನಿಗದಿ ಮಾಡುವುದಿಲ್ಲ. ಪರೀಕ್ಷಾರ್ಥಿಯ ಸ್ಥಿತಿಯೂ ಇದೇ. ಸಂದೇಹದ ಲಾಭ ತನಗೆ ಸಿಗದೆಂದು ತಿಳಿದು ಹೆಜ್ಜೆ ಇಡುವುದೇ ಕ್ಷೇಮ.

ಇದರಿಂದ ಒಂದು ಸೂತ್ರ ದೊರೆಯುತ್ತದೆ: ನಿರ್ಬಂಧಕ್ಕೆ ಎರಡು ಅರ್ಥಗಳು ಸಾಧ್ಯವಿದ್ದರೆ, ಎರಡೂ ಅರ್ಥಗಳಿಗೆ ಒಪ್ಪುವ ಪರಿಹಾರವನ್ನು ಮೊದಲು ಹುಡುಕಬೇಕು. ಬಿ.ಜಿ.ಪಿ. ಉದಾಹರಣೆಯಲ್ಲಿ, ಕೈಯಿಂದ ಬರೆದ ನಲ್ ಸೊನ್ನೆ ಮಾರ್ಗಕ್ಕಿಂತ ನಿಯಮಾವಳಿಯ ಒಟ್ಟುಗೂಡಿಸುವ ಆದೇಶವೇ ಮೇಲು, ಏಕೆಂದರೆ ಅಲ್ಲಿ ವಾದಕ್ಕೆ ಅವಕಾಶವೇ ಇಲ್ಲ. ಉತ್ತಮ ಲೆಕ್ಕಪರಿಶೋಧನೆಯ ರೀತಿಯೂ ಇದೇ ಆಗಿದೆ.

ಆದರೆ ಕಟ್ಟುನಿಟ್ಟಿನ ಅರ್ಥವೇ ಯಾವಾಗಲೂ ಸುರಕ್ಷಿತ ಎಂದು ತಿಳಿಯುವುದೂ ತಪ್ಪು. ಒಂದು ರೂಟರಿನ ಮಾರ್ಗಪಟ್ಟಿಯನ್ನು ಕನಿಷ್ಠಗೊಳಿಸಿ ಎಂದು ಪ್ರಶ್ನೆ ಕೇಳಿರುವಾಗ, ಸ್ಥಿರ ಮಾರ್ಗದ ನಿಷೇಧವನ್ನು ಡೀಫಾಲ್ಟ್ ಮಾರ್ಗಗಳಿಗೂ ವಿಸ್ತರಿಸಿಕೊಂಡು ಸ್ಟಬ್ ವಲಯವನ್ನು ಕೈಬಿಟ್ಟವನು, ಇಲ್ಲದ ನಿಯಮವನ್ನು ಪಾಲಿಸಿ ಇರುವ ಕೆಲಸವನ್ನು ಕೆಡಿಸಿದಂತೆ. ಸಾಮಾನ್ಯ ನಿರ್ಬಂಧ ಒಂದು ಕಡೆ, ನಿರ್ದಿಷ್ಟ ಅನುಮತಿ ಇನ್ನೊಂದು ಕಡೆ ಇದ್ದಾಗ ನಿರ್ದಿಷ್ಟವಾದುದೇ ಮೇಲುಗೈ ಪಡೆಯುತ್ತದೆ ಎಂಬುದು ಕಾನೂನಿನ ಹಳೆಯ ನ್ಯಾಯ. ಆದರೆ ಅದು ಆ ಪ್ರಶ್ನೆಯ ಮಟ್ಟಿಗೆ ಮಾತ್ರ. ಒಂದೆಡೆ ಅನುಮತಿ ದೊರೆತ ಮಾತ್ರಕ್ಕೆ ಉಳಿದೆಡೆಯೂ ನಿರ್ಬಂಧ ಸಡಿಲವಾಯಿತೆಂದು ಭಾವಿಸತಕ್ಕದ್ದಲ್ಲ.

ಕೇಳುವುದೂ ಒಂದು ವಿದ್ಯೆ

ಎರಡೂ ಅರ್ಥಗಳಿಗೆ ಒಪ್ಪುವ ದಾರಿ ಇಲ್ಲದಿದ್ದರೆ ಉಳಿಯುವುದು ಒಂದೇ ಉಪಾಯ: ಕೇಳುವುದು. ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕರಿರುತ್ತಾರೆ, ಪ್ರಶ್ನೆಯ ಅರ್ಥದ ಬಗ್ಗೆ ಅವರಲ್ಲಿ ಸ್ಪಷ್ಟೀಕರಣ ಕೇಳಲು ಅವಕಾಶವಿದೆ. ಆದರೆ ಅವರು ಪರಿಹಾರವನ್ನು ಹೇಳಿಕೊಡುವುದಿಲ್ಲ. 'ಈ ಉತ್ತರ ಸರಿಯೇ?' ಎಂದು ಕೇಳಿದವನಿಗೆ ಉತ್ತರ ದೊರೆಯದು. 'ಡೀಫಾಲ್ಟ್ ಮಾರ್ಗದ ನಿಷೇಧವು ನಿಯಮಾವಳಿಯು ತಾನಾಗಿ ನೀಡುವ ಮಾರ್ಗಕ್ಕೂ ಅನ್ವಯಿಸುತ್ತದೆಯೇ?' ಎಂದು ಕೇಳಿದವನಿಗೆ ಸಹಾಯವಾಗುವ ಸಾಧ್ಯತೆ ಹೆಚ್ಚು. ಎರಡನೆಯ ರೀತಿಯಲ್ಲಿ ಕೇಳಬೇಕಾದರೆ ಎರಡು ಅರ್ಥಗಳನ್ನೂ ಅವುಗಳ ಪರಿಣಾಮಗಳನ್ನೂ ಮೊದಲೇ ಬಿಡಿಸಿ ನೋಡಿರಬೇಕು. ಕೇಳಲು ನಾಚಿಕೊಂಡು ಊಹೆಯ ಮೇಲೆ ಗಂಟೆಗಟ್ಟಲೆ ಕೆಲಸ ಮಾಡುವುದು ದುಂದುವೆಚ್ಚ. ಸ್ಪಷ್ಟೀಕರಣವನ್ನು ಕೆಲಸದ ಆರಂಭದಲ್ಲಿ ಕೇಳಿದರೆ ಐದು ನಿಮಿಷ, ಕೊನೆಯಲ್ಲಿ ಕೇಳಿದರೆ ಕಟ್ಟಿದ್ದನ್ನೆಲ್ಲ ಬಿಚ್ಚಬೇಕು.

ನಿರ್ಬಂಧಗಳು ಕೃತಕವೇ?

ನೈಜ ಕೆಲಸದಲ್ಲಿ ಯಾರೂ ಸ್ಥಿರ ಮಾರ್ಗವನ್ನು ನಿಷೇಧಿಸುವುದಿಲ್ಲ, ಇವೆಲ್ಲ ಪರೀಕ್ಷಕರ ಕುತಂತ್ರ ಎಂಬ ಆಕ್ಷೇಪಣೆ ಆಗಾಗ್ಗೆ ಕೇಳಿಬರುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಒಂದೇ ಇಂಟರ್‌ನೆಟ್ ಸಂಪರ್ಕವಿರುವ ಒಂದೇ ಅಂಗಡಿಗೆ ಕೈಯಿಂದ ಬರೆದ ಡೀಫಾಲ್ಟ್ ಮಾರ್ಗವೇ ಸರಳ ಹಾಗೂ ಸರಿಯಾದ ಪರಿಹಾರ. ಅಲ್ಲಿ ದೊಡ್ಡ ನಿಯಮಾವಳಿಗಳನ್ನು ಅಳವಡಿಸಿ ಬಿಲ್ ಏರಿಸುವ ಗುತ್ತಿಗೆದಾರನನ್ನು ದೂರವಿಡುವುದೇ ಲೇಸು. ಆದರೆ ಪೀಣ್ಯದಲ್ಲಿ ಕಾರ್ಖಾನೆ, ಹುಬ್ಬಳ್ಳಿಯಲ್ಲಿ ಗೋದಾಮು, ಎರಡು ಕಂಪನಿಗಳಿಂದ ಪಡೆದ ಎರಡು ಸಂಪರ್ಕಗಳು ಇರುವ ಉದ್ಯಮದಲ್ಲಿ ಸ್ಥಿತಿ ಬೇರೆ. ಅಲ್ಲಿ ತುರ್ತಿನಲ್ಲಿ ಬರೆದಿಟ್ಟ ಸ್ಥಿರ ಮಾರ್ಗವೊಂದು ವರ್ಷಗಳ ಕಾಲ ಯಾರ ಗಮನಕ್ಕೂ ಬಾರದೆ ಉಳಿಯಬಹುದು. ರೂಟರಿಗೆ ತಾಗಿದ ಕೊಂಡಿಯು ಸುಸ್ಥಿತಿಯಲ್ಲಿದ್ದು ಅದರಾಚೆ ಎಲ್ಲೋ ದಾರಿ ಕಡಿದಿದ್ದರೆ, ಸಾಮಾನ್ಯ ಸ್ಥಿರ ಮಾರ್ಗಕ್ಕೆ ಅದು ತಿಳಿಯುವುದೇ ಇಲ್ಲ. ಎರಡನೆಯ ಸಂಪರ್ಕಕ್ಕೆ ತಿಂಗಳು ತಿಂಗಳೂ ಬಾಡಿಗೆ ಕಟ್ಟಿಯೂ ಅಗತ್ಯದ ದಿನ ಅದು ಉಪಯೋಗಕ್ಕೆ ಬಾರದಿರುವುದು ಹೀಗೆಯೇ.

ಇದಲ್ಲದೆ, ನೈಜ ಕೆಲಸದಲ್ಲಿಯೂ ನಿರ್ಬಂಧಗಳಿಗೆ ಕೊರತೆಯಿಲ್ಲ. ಮುಖ್ಯ ಕಚೇರಿಯ ರೂಟರನ್ನು ಮುಟ್ಟಬಾರದು, ಉತ್ಪಾದನೆಯ ಪಾಳಿಯಲ್ಲಿ ಸಂಪರ್ಕ ಕಡಿಯಬಾರದು, ಗ್ರಾಹಕ ಕಂಪನಿಯ ಜಾಲಕ್ಕೆ ನಮ್ಮ ಮಾರ್ಗಗಳು ಸೋರಬಾರದು ಎಂಬುವು ದಿನನಿತ್ಯದ ಷರತ್ತುಗಳು. ಪರೀಕ್ಷೆಯು ಅಳೆಯುವುದು ಈ ಶಿಸ್ತನ್ನೇ. ಷರತ್ತಿನೊಳಗೆ ಕೆಲಸ ಮುಗಿಸಬಲ್ಲವನಿಗೂ, ಹೇಗಾದರೂ ಕೆಲಸ ನಡೆಯುವಂತೆ ಮಾಡುವವನಿಗೂ ಇರುವ ಅಂತರವು ಅಳವಡಿಕೆಯ ದಿನ ಕಾಣುವುದಿಲ್ಲ. ಮೊದಲ ಅಡಚಣೆಯ ದಿನ ಕಾಣುತ್ತದೆ.

ಉದ್ಯಮಿಗಳು ಮಾಡಬೇಕಾದುದು

ಈ ಹಿನ್ನೆಲೆಯಲ್ಲಿ ಜಾಲದ ಕೆಲಸವನ್ನು ಗುತ್ತಿಗೆಗೆ ಕೊಡುವ ವ್ಯಾಪಾರಸ್ಥರು ಹಾಗೂ ಸಣ್ಣ ಉತ್ಪಾದಕರು ಕೆಳಕಂಡ ಅಂಶಗಳನ್ನು ಗಮನಿಸುವುದು ಸೂಕ್ತ:

1. ಕೆಲಸದ ಆದೇಶದಲ್ಲಿ ಏನು ಬೇಕು ಎಂಬುದರ ಜೊತೆಗೆ ಏನು ಕೂಡದು ಎಂಬುದನ್ನೂ ಬರೆಯಬೇಕು. ಪ್ರತಿ ನಿರ್ಬಂಧದ ಮುಂದೆ ಅದರ ಕಾರಣವನ್ನು ಒಂದು ವಾಕ್ಯದಲ್ಲಿ ನಮೂದಿಸಿದರೆ ಅಪಾರ್ಥಕ್ಕೆ ಎಡೆ ಕಡಿಮೆಯಾಗುತ್ತದೆ.

2. ಸಂದೇಹ ಬಂದಾಗ ಯಾರನ್ನು ಕೇಳಬೇಕು ಎಂಬುದನ್ನು ಹೆಸರಿಸಬೇಕು. ನೀಡಿದ ಸ್ಪಷ್ಟೀಕರಣವು ಬರಹದಲ್ಲಿರಬೇಕು.

3. ಅನಿವಾರ್ಯವಾಗಿ ಸ್ಥಿರ ಮಾರ್ಗ ಬಳಸಿದ್ದರೆ ಅದರ ಪಟ್ಟಿ, ಕಾರಣ ಮತ್ತು ದಿನಾಂಕವನ್ನು ಅಂತಿಮ ಬಿಲ್ಲಿನೊಂದಿಗೆ ಪಡೆಯಬೇಕು.

4. ಅಂತಿಮ ಪಾವತಿಗೆ ಮುನ್ನ, ರಜಾ ದಿನವೊಂದರಲ್ಲಿ, ಒಂದು ಸಂಪರ್ಕವನ್ನು ಬೇಕೆಂದೇ ಕಡಿದು ವ್ಯವಹಾರ ಮುಂದುವರಿಯುತ್ತದೆಯೇ ಎಂದು ನೋಡಬೇಕು. ಹತ್ತಿರದ ತಂತಿಯನ್ನು ಕಿತ್ತರೆ ಮಾತ್ರ ಸಾಲದು, ದೂರದ ತುದಿಯಲ್ಲಿಯೂ ಕಡಿದು ನೋಡಬೇಕು.

5. ತಂತ್ರಜ್ಞನ ಸಂದರ್ಶನದಲ್ಲಿ ಉದ್ದೇಶಪೂರ್ವಕವಾಗಿ ಒಂದು ಅಸ್ಪಷ್ಟ ಷರತ್ತನ್ನು ಮುಂದಿಡಬಹುದು. ತಕ್ಷಣ ಪರಿಹಾರ ಹೇಳುವವನಿಗಿಂತ, ಷರತ್ತಿನ ಅರ್ಥವನ್ನು ಮರಳಿ ಕೇಳುವವನು ಹೆಚ್ಚು ಭರವಸೆಗೆ ಅರ್ಹ.

ಪರೀಕ್ಷೆ ನಡೆಸುವ ಸಂಸ್ಥೆಗಳಿಗೂ ಒಂದು ಮಾತು ಸಲ್ಲುತ್ತದೆ. ನಿರ್ಬಂಧವನ್ನು ವಿಧಿಸುವವರು ಅದರ ವ್ಯಾಖ್ಯೆಯನ್ನೂ ನೀಡಬೇಕು. ಸ್ಥಿರ ಮಾರ್ಗವೆಂದರೆ ಕೈಯಿಂದ ಬರೆದುದೇ, ಅಥವಾ ಪಟ್ಟಿಯಲ್ಲಿ ಆ ಗುರುತು ಹೊತ್ತದ್ದೆಲ್ಲವೇ ಎಂಬುದನ್ನು ಒಂದು ಸಾಲಿನಲ್ಲಿ ಹೇಳಿಬಿಟ್ಟರೆ, ಪರೀಕ್ಷೆಯು ಅಭ್ಯರ್ಥಿಯ ಊಹಾಶಕ್ತಿಯ ಬದಲು ಅವನ ಸಾಮರ್ಥ್ಯವನ್ನು ಅಳೆದಂತಾಗುತ್ತದೆ. ಯು.ಸಿ.ಪಿ. ನಿಯಮಗಳು ಟ್ರಾನ್‌ಶಿಪ್‌ಮೆಂಟ್ ಎಂಬ ಪದಕ್ಕೆ ವ್ಯಾಖ್ಯೆ ನೀಡಿ ಬ್ಯಾಂಕು ಹಾಗೂ ರಫ್ತುದಾರರ ನಡುವಿನ ತಕರಾರುಗಳಿಗೆ ಎಡೆ ಕಡಿಮೆ ಮಾಡಿರುವುದು ಇಲ್ಲಿ ಮಾದರಿಯಾಗಬಲ್ಲದು.

ಒಟ್ಟಿನಲ್ಲಿ, ನಿರ್ಬಂಧವನ್ನು ಮೊದಲು ಅದರ ಅಕ್ಷರದಲ್ಲಿ ಓದಬೇಕು, ಅನಂತರ ವ್ಯಾಖ್ಯೆಯಲ್ಲಿ, ಆ ಬಳಿಕ ಉದ್ದೇಶದಲ್ಲಿ. ಅಲ್ಲಿಗೂ ಬಗೆಹರಿಯದಿದ್ದರೆ ಕೇಳಿ ತಿಳಿಯಬೇಕು. ಈ ಕ್ರಮವು ಪರೀಕ್ಷಾ ಕೊಠಡಿಗೆ ಎಷ್ಟು ಅಗತ್ಯವೋ ಟೆಂಡರ್ ಫಾರಂ, ಖರೀದಿ ಆದೇಶ ಹಾಗೂ ತೆರಿಗೆ ಅಧಿಸೂಚನೆಗಳಿಗೂ ಅಷ್ಟೇ ಅಗತ್ಯ. ಎಂಟು ಗಂಟೆಗಳ ಪರೀಕ್ಷೆಯಲ್ಲಿ ತಪ್ಪು ಓದಿನ ಬೆಲೆ ಶುಲ್ಕ ಮತ್ತು ಕೆಲವು ತಿಂಗಳುಗಳ ಶ್ರಮ. ವ್ಯವಹಾರದಲ್ಲಿ ಅದರ ಬೆಲೆ ಗ್ರಾಹಕನ ವಿಶ್ವಾಸವಾಗಿರುತ್ತದೆ, ಅದನ್ನು ಎರಡನೆಯ ಬಾರಿ ಶುಲ್ಕ ಕಟ್ಟಿ ಪಡೆಯಲಾಗದು.